ಭಟ್ಕಳದ ತಿರುವಿನಲ್ಲಿ ಅರ್ಧ ಲೋಟ ಗಂಜಿತಿಳಿ

ನಮ್ಮ ಪಿ.ಟಿ. ಮಾಸ್ತರ್ರ ನಿವೃತ್ತಿಯ ಸನ್ಮಾನ ಮುಗಿದು ಹದಿನೈದು ದಿನವಾಯಿತು. ಸ್ಮರಣ ಸಂಚಿಕೆಯ ಹೊಣೆ ಹೊತ್ತವರೊಬ್ಬರು ನಿನ್ನೆ ನಾನು ಕೆಲಸ ಮಾಡುವ ಆಸ್ಪತ್ರೆಗೇ ಬಂದರು. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೈಕಾಲು ಮುರಿದುಕೊಂಡವರ ನಡುವೆ ಅರ್ಧ ಗಂಟೆ ಕೂತಿದ್ದು, ನಾನು ಹೊರಗೆ ಬಂದ ಕೂಡಲೇ, "ನಿಮ್ಮ ಲೇಖನ ಒಂದು ಬಾಕಿ ಅದೆ. ಮಾಸ್ತರ್ರು ಸಭೇಲಿ ಹೇಳಿದ್ರಲ್ಲ, ಆ ಟ್ರಯಾಥ್ಲಾನಿನ ಸಂಗತಿ, ಅದನ್ನೇ ಬರೆದುಕೊಡಿ. ಎಲ್ಲರ ಕಣ್ಣಲ್ಲೂ ನೀರು ಬಂದಿತ್ತು" ಎಂದರು. ಬರೆದುಕೊಡುತ್ತೇನೆ ಎಂದೆ. ಮಾಸ್ತರ್ರು ಹೇಳಿದ ಹಾಗೆ ಬರೆಯುತ್ತೇನೆ ಎಂದೇನೂ ಹೇಳಲಿಲ್ಲ. ನಡೆದ ಹಾಗೆ ಬರೆಯುತ್ತಿದ್ದೇನೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಹೆಸರು ಬರೆಯುವುದಿಲ್ಲ. ಭಟ್ಕಳದಿಂದ ಕುಮಟಾದವರೆಗೆ ಯಾವ ಹೈಸ್ಕೂಲಿನ ಮೈದಾನದಲ್ಲಿ ನಿಂತು ಕೇಳಿದರೂ ಗೊತ್ತಾಗುವ ಮನುಷ್ಯ. ಹೊನ್ನಾವರದ ನಮ್ಮ ಶಾಲೆಗೆ ಬಂದಾಗ ಅವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಮನೆ ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಸಂಜೆ ಮೈದಾನ ಖಾಲಿಯಾದ ಮೇಲೆ ಸಿಕ್ಕಿದ ಬಸ್ಸಿಗೆ ಹೋಗುತ್ತಿದ್ದರು. ಕೊರಳಲ್ಲಿ ಸೀಟಿ ಇರುತ್ತಿರಲಿಲ್ಲ. ಸೀಟಿ ಊದಿದರೆ ಹುಡುಗರ ಜೊತೆ ದನಗಳೂ ತಿರುಗಿ ನೋಡುತ್ತವೆ ಎನ್ನುತ್ತಿದ್ದರು. ಕರೆಯಬೇಕಾದಾಗ ಮೂರು ಚಪ್ಪಾಳೆ ತಟ್ಟುವರು, ಎರಡು ಬೇಗ, ಒಂದು ತಡವಾಗಿ. ಮೈದಾನದ ಆ ತುದಿಯಲ್ಲಿದ್ದವನಿಗೂ ಕೇಳಿಸುತ್ತಿತ್ತು. ಬಿಳಿ ಕ್ಯಾನ್ವಾಸ್ ಬೂಟು ಸದಾ ಪ್ಲಾಸ್ಟಿಕ್ ಚೀಲದಲ್ಲಿ. ಇಲಾಖೆಯವರು ಬಂದ ದಿನ ಮಾತ್ರ ಕಾಲಿಗೆ ಏರುತ್ತಿತ್ತು. ಉಳಿದ ದಿನ ಬರಿಗಾಲು.

ಓಟದ ಹಾದಿ ಅಳೆಯಲು ಅವರಲ್ಲಿ ಒಂದು ಕತ್ತದ ಹಗ್ಗವಿತ್ತು, ಐದು ಮೀಟರಿಗೊಂದು ಗಂಟು. ಮಳೆಗೆ ಹಗ್ಗ ಗಿಡ್ಡವಾಗುತ್ತದೆ ಎಂದು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅಂಗಡಿಯ ಬಟ್ಟೆ ಅಳೆಯುವ ಕೋಲು ತಂದು, ಗಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕುವರು. ಆ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. "ಎರಡು ಬೆರಳು ಆಚೆ ಈಚೆ ಆದ್ರೆ ಎಂತ ಆತದೆ ಮಾಸ್ತರ್ರೇ?" ಎಂದು ನಾನೊಮ್ಮೆ ಕೇಳಿದ್ದೆ. "ನಿಂಗೆ ಎಂತ ಆಗೂದಿಲ್ಲ. ಎರಡನೇ ನಂಬರ್ ಬಂದವಗೆ ಆತದೆ" ಎಂದರು. ಹದಿನಾಲ್ಕು ವರ್ಷದ ನನಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ ಮನೆಗೆ ಹೋಗಿ ಅಮ್ಮನಿಗೆ ಎರಡು ಸಲ ಹೇಳಿದೆ.

ಅವರ ಪ್ರಾಮಾಣಿಕತೆಯ ಕತೆಗಳಲ್ಲಿ ಎಲ್ಲರೂ ಹೇಳುವುದು ವಾಲಿಬಾಲ್ ತಂಡದ್ದು. ನಾನು ಹತ್ತನೆಯಲ್ಲಿದ್ದಾಗ ನಮ್ಮ ಶಾಲೆ ಮೊದಲ ಸಲ ತಾಲೂಕು ಮಟ್ಟದಲ್ಲಿ ಗೆದ್ದಿತ್ತು. ನಾನು ಬದಲಿ ಆಟಗಾರ, ಅಂದರೆ ನೀರಿನ ಕೊಡ ಹೊರುವವನು. ಬಹುಮಾನ ಹಂಚುವುದಕ್ಕೆ ಮೊದಲು ಮಾಸ್ತರ್ರು ಮೇಜಿನ ಹತ್ತಿರ ಹೋಗಿ, ನಮ್ಮ ತಂಡದ ಮುಖ್ಯ ಹುಡುಗನ ವಯಸ್ಸು ಶಾಲೆಯ ದಾಖಲೆಯಲ್ಲಿರುವುದಕ್ಕಿಂತ ಒಂದು ವರ್ಷ ಹೆಚ್ಚು, ತನಗೆ ಅದು ಹಿಂದಿನ ದಿನವಷ್ಟೇ ಅವನ ತಾಯಿಯ ಬಾಯಿಂದ ಗೊತ್ತಾಯಿತು ಎಂದು ಹೇಳಿಬಿಟ್ಟರು. ಗೆದ್ದ ಕಪ್ಪು ಎರಡನೆಯ ಸ್ಥಾನದ ಶಾಲೆಗೆ ಹೋಯಿತು. ಹುಡುಗರು ಲಾರಿಯಲ್ಲಿ ಅಳುತ್ತಾ ವಾಪಸು ಬಂದರು. ಹೆಡ್ ಮಾಸ್ತರ್ರು ಒಂದು ತಿಂಗಳು ಅವರ ಜೊತೆ ಮಾತಾಡಲಿಲ್ಲ. ನಾನು ಮಾತ್ರ ಆ ದಿನದಿಂದ ಅವರ ಭಕ್ತನಾದೆ. ಇಪ್ಪತ್ತೈದು ವರ್ಷ ಆ ಕತೆಯನ್ನು ಹೋದ ಹೋದಲ್ಲಿ ಹೇಳಿದ್ದೇನೆ. ಆ ಹುಡುಗ ಆಮೇಲೆ ಚೆಂಡು ಮುಟ್ಟಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಕತೆಯಲ್ಲಿ ಸೇರಿಸುತ್ತಿರಲಿಲ್ಲ.

ಶಾಲೆ ಬಿಟ್ಟು, ಓದಿ, ಎಕ್ಸ್‌ರೇ ತೆಗೆಯುವ ಕೆಲಸ ಹಿಡಿದು, ಹೊಟ್ಟೆ ಬೆಳೆಸಿಕೊಂಡು ಕೂತಿದ್ದಾಗ ಅವರು ಮತ್ತೆ ಸಿಕ್ಕರು. ನನಗೆ ಆಗ ಮೂವತ್ತೆಂಟು. ಯಾವುದೋ ಮಗುವನ್ನು ಹೈಜಂಪಿನಲ್ಲಿ ಹಿಡಿಯಲು ಹೋಗಿ ಮಣಿಕಟ್ಟು ಉಳುಕಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು. ಕೈಯನ್ನು ತಟ್ಟೆಯ ಮೇಲೆ ಇಡಿಸಿ, ಅಲುಗಾಡಬೇಡಿ ಎಂದು ಹೇಳಿ ನಾನು ಬಟನ್ ಒತ್ತಲು ಹೋದರೆ, ಅವರು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು.

"ಇದೆಂತದು?"

"ಕುಂತಲ್ಲೇ ಕೆಲಸ, ಮಾಸ್ತರ್ರೇ."

"ನಂದು ನಿಂತಲ್ಲೇ ಕೆಲಸ. ನಂಗೆ ಕಾಲು ದಪ್ಪ ಆಯ್ದಾ? ಆಯ್ತವಾರ ಬಾ."

ಹೋದೆ. ಮೊದಲ ಭಾನುವಾರ ಮೈದಾನಕ್ಕೆ ಎರಡು ಸುತ್ತು ಹಾಕುವಷ್ಟರಲ್ಲಿ ಬೇಲಿ ಹಿಡಿದು ನಿಂತೆ. ಆಮೇಲೆ ನಾಲ್ಕು ವರ್ಷ ಒಂದು ಭಾನುವಾರವೂ ತಪ್ಪಿಸಿದ್ದು ನೆನಪಿಲ್ಲ. ಓಟದಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಸಮುದ್ರಕ್ಕೆ ನನ್ನನ್ನು ಎಳೆದದ್ದು ಅವರೇ. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸುವ ಸ್ಪರ್ಧೆಗೆ ಟ್ರಯಾಥ್ಲಾನ್ ಎನ್ನುತ್ತಾರೆ ಎಂದು ಶಿಷ್ಯನೊಬ್ಬನ ಮೊಬೈಲಿನಲ್ಲಿ ನೋಡಿ ತಿಳಿದುಕೊಂಡು, ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ನನಗಾಗಿ ಎಂಟು ತಿಂಗಳ ಅಭ್ಯಾಸ ಬರೆದುಕೊಂಡು ಬಂದಿದ್ದರು. ತಮಾಷೆಯೆಂದರೆ ಅವರಿಗೆ ಈಜು ಬರುವುದಿಲ್ಲ. ಹೊನ್ನಾವರದ ಪಕ್ಕದ ಕಾಸರಕೋಡಿನ ಕಡಲ ದಂಡೆಯಲ್ಲಿ ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಕೊಡೆಯನ್ನು ಎತ್ತಿ ಎಡಕ್ಕೆ ಬಲಕ್ಕೆ ತೋರಿಸುತ್ತಾ ನನಗೆ ಸಮುದ್ರದಲ್ಲಿ ಈಜು ಕಲಿಸಿದರು. ಬಲೆ ಎಳೆಯುವವರು ನಗುತ್ತಿದ್ದರು. ಮಾಸ್ತರ್ರಿಗೆ ಅದರ ಪರಿವೆ ಇರಲಿಲ್ಲ.

ದಣಿದು ನಿಂತಾಗ ಅವರು ಹೇಳುವ ಮಾತೊಂದಿತ್ತು: "ಕಾಲು ಪ್ರಶ್ನೆ ಕೇಳ್ತದೆ. ನೀ ಉತ್ತರ ಕೊಡೂಕೆ ಹೋಗ್ಬೇಡ." ಇನ್ನೊಂದು ರೂಢಿಯೂ ಇತ್ತು, ಅದನ್ನು ಇಲ್ಲಿ ಹೇಳಲೇಬೇಕು. ಅಭ್ಯಾಸ ಮುಗಿದ ಮೇಲೆ ಫ್ಲಾಸ್ಕಿನಿಂದ ಬಿಸಿ ಗಂಜಿತಿಳಿ ಬಗ್ಗಿಸಿ, ಕಲ್ಲುಪ್ಪು ಹಾಕಿ, ಮಿಡಿ ಉಪ್ಪಿನಕಾಯಿಯ ರಸ ಒಂದು ಚಮಚ ಬೆರೆಸಿ ಕೊಡುವರು. ಅದನ್ನು ಅವರೆದುರೇ ಕುಡಿಯಬೇಕು. ಕುಡಿಯದೆ ಯಾರನ್ನೂ ಮನೆಗೆ ಬಿಟ್ಟವರಲ್ಲ. ವಾಂತಿ ಬರುತ್ತದೆ ಎಂದ ಹುಡುಗಿಯೊಬ್ಬಳ ಮುಂದೆ ಮುಕ್ಕಾಲು ಗಂಟೆ ಲೋಟ ಹಿಡಿದು ನಿಂತಿದ್ದನ್ನು ನೋಡಿದ್ದೇನೆ. ಕೊನೆಗೆ ಅವಳು ಕುಡಿದಳು. ಅವರು ಲೋಟ ಒಡ್ಡಿದರೆ ಕೈ ತಾನಾಗಿ ಮುಂದೆ ಹೋಗುವಷ್ಟು ನಮಗೆಲ್ಲ ಅದು ಅಭ್ಯಾಸವಾಗಿತ್ತು.

ಇದಕ್ಕೆ ಮೊದಲು ಬೇರೆ ಊರುಗಳಲ್ಲಿ ಎರಡು ಸಲ ಉದ್ದದ ಟ್ರಯಾಥ್ಲಾನಿಗೆ ಇಳಿದು ಎರಡೂ ಸಲ ಅರ್ಧಕ್ಕೆ ಬಿಟ್ಟಿದ್ದೆ. ಮೂರನೆಯದು ನಮ್ಮ ಕಡೆಗೇ ಬಂತು. ಕುಮಟಾದ ಕಡಲಿನಲ್ಲಿ ಮೂರು ಕಿಲೋಮೀಟರ್ ಈಜು, ಅಲ್ಲಿಂದ ಹೆದ್ದಾರಿಯಲ್ಲಿ ಹೊನ್ನಾವರ ದಾಟಿ ಭಟ್ಕಳಕ್ಕೆ ಹೋಗಿ ಬರುವ ನೂರಿಪ್ಪತ್ತು ಕಿಲೋಮೀಟರ್ ಸೈಕಲ್, ಕೊನೆಗೆ ಕಾಗಾಲದ ಕಡೆಗೆ ಎರಡು ಸುತ್ತು, ಒಟ್ಟು ಮೂವತ್ತು ಕಿಲೋಮೀಟರ್ ಓಟ. ಬೆಳಿಗ್ಗೆ ಆರಕ್ಕೆ ಶುರು, ಸಂಜೆ ಆರರೊಳಗೆ ಮುಗಿಸಬೇಕು. ಸ್ಪರ್ಧೆಗೆ ಎರಡು ತಿಂಗಳಿರುವಾಗ ಬಲ ಮಂಡಿ ಊದಿಕೊಂಡಿತು. ಊಟದ ಬಿಡುವಿನಲ್ಲಿ ಸಹೋದ್ಯೋಗಿಯ ಹತ್ತಿರ ಬಟನ್ ಒತ್ತಿಸಿ ನನ್ನ ಮಂಡಿಯ ಚಿತ್ರ ನಾನೇ ತೆಗೆದುಕೊಂಡೆ. ದಿನಕ್ಕೆ ಹತ್ತಾರು ಮಂಡಿ ನೋಡುವವನಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ಎರಡು ಮೂಳೆಗಳ ನಡುವೆ ಇರಬೇಕಾದ ಜಾಗ ಒಂದು ಬದಿಯಲ್ಲಿ ಇರಲೇ ಇಲ್ಲ. ಮೂಳೆ ಡಾಕ್ಟರು ನನ್ನ ಮುಖ ನೋಡಿ, "ಇದೊಂದು ಓಡಿಬಿಡು. ಆಮೇಲೆ ಸಾಕು" ಎಂದರು. ಹೆಂಡತಿಗೂ ಹೇಳದ ಈ ಸಂಗತಿಯನ್ನು ಮಾಸ್ತರ್ರಿಗೆ ಹೇಳಿದೆ. ಅವರು ಫಿಲ್ಮನ್ನು ಆಕಾಶಕ್ಕೆ ಹಿಡಿದು ತುಂಬ ಹೊತ್ತು ನೋಡಿ, "ಹಂಗಾರೆ ಇದೇ ಕಡೇದು. ಮುಗಿಸೂದೇ ಸೈ" ಎಂದರು. ಇದು ನನ್ನ ಕೊನೆಯ ಓಟ, ಇದನ್ನೂ ಮುಗಿಸದಿದ್ದರೆ ಯಾವುದನ್ನೂ ಮುಗಿಸದವನಾಗಿಯೇ ಉಳಿಯುತ್ತೇನೆ ಎಂಬುದು ಲೋಕದಲ್ಲಿ ಅವರೊಬ್ಬರಿಗೆ ಗೊತ್ತಿತ್ತು.

ನವೆಂಬರ್ ನಮ್ಮಲ್ಲಿ ಮಳೆ ಬಿಟ್ಟು ಹೋಗಿರಬೇಕಾದ ತಿಂಗಳು. ಆ ವರ್ಷ ಸ್ಪರ್ಧೆಯ ಹಿಂದಿನ ದಿನ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಯಿತು. ಕುಮಟಾದ ಸಭಾಂಗಣದಲ್ಲಿ ಸ್ಪರ್ಧಿಗಳಿಗೆ ನಿಯಮ ಓದಿ ಹೇಳಿದರು. ಹೊರಗಿನವರಿಂದ ಆಹಾರ, ನೀರು, ಸಹಾಯ ಏನನ್ನೂ ತೆಗೆದುಕೊಳ್ಳಕೂಡದು. ತೆಗೆದುಕೊಂಡರೆ ಸ್ಪರ್ಧೆಯಿಂದ ಹೊರಗೆ. ಮಾಸ್ತರ್ರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹವಾಮಾನದ ಮಾತು ಬಂದಾಗ ರಕ್ಷಣಾ ದೋಣಿಯವರು, "ಬೆಳಿಗ್ಗೆ ಎಂಟರ ತನಕ ಗಾಳಿ ಬರೂದಿಲ್ಲ. ಈಜು ಅಡ್ಡಿಲ್ಲ. ಮುಂದಿಂದು ದೇವ್ರಿಗೆ ಗೊತ್ತು" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಬೆಳಗಿನ ಕಡಲು ಏರಿ ಇಳಿಯುತ್ತಿತ್ತು, ಆದರೆ ಒಡೆಯುತ್ತಿರಲಿಲ್ಲ. ಅಲೆ ಎತ್ತಿದಾಗ ಮಾತ್ರ ಮುಂದಿನ ಕಿತ್ತಳೆ ಬಣ್ಣದ ಗುರುತು ಕಾಣುವುದು, ಇಳಿದಾಗ ಬರೀ ಬೂದು ನೀರು. ಮಾಸ್ತರ್ರು ಎಡಕ್ಕೆ ಬಲಕ್ಕೆ ತೋರಿಸುತ್ತಿದ್ದ ಕೊಡೆಯನ್ನು ನೆನಪಿಸಿಕೊಂಡು ಕೈ ಬೀಸಿದೆ. ಒಂದೂವರೆ ಗಂಟೆಗೆ ಸ್ವಲ್ಪ ಮೊದಲೇ ಮರಳು ಕಾಲಿಗೆ ಸಿಕ್ಕಿತು. ಬಾಯಿಯೆಲ್ಲ ಉಪ್ಪು. ಸೈಕಲ್ ಹತ್ತಿ ಹೊನ್ನಾವರ ಮುಟ್ಟುವವರೆಗೂ ಇವತ್ತು ನನ್ನ ದಿನ ಎಂದೇ ಅಂದುಕೊಂಡಿದ್ದೆ.

ಶರಾವತಿ ಸೇತುವೆಯ ಮೇಲೆ ಗಾಳಿ ಸಿಕ್ಕಿತು. ಪಡುವಣದಿಂದ ಅಡ್ಡಕ್ಕೆ ಬಂದು ಸೈಕಲ್ಲನ್ನು ಲಾರಿಗಳ ಕಡೆಗೆ ತಳ್ಳುತ್ತಿತ್ತು. ನನ್ನ ಮುಂದಿನವನು ಇಳಿದು ತಳ್ಳಿಕೊಂಡು ಹೋದ. ನಾನು ಇಳಿಯಲಿಲ್ಲ, ಹ್ಯಾಂಡಲ್ಲಿನ ಮೇಲೆ ಮಲಗಿಕೊಂಡು, ಕಾಲಿಗೆ ಉತ್ತರ ಕೊಡದೆ ದಾಟಿದೆ. ದಾಟಿದ ಕೂಡಲೇ ಮಳೆ. ಆಷಾಢದ ಮಳೆಯ ಹಾಗೆ ಹಿಡಿದು ಹೊಡೆಯಿತು. ಕನ್ನಡಕ ತೆಗೆದು ಬಾಯಲ್ಲಿ ಕಚ್ಚಿಕೊಂಡೆ. ಹೆದ್ದಾರಿಯ ಕೆಂಪು ನೀರಿನಲ್ಲಿ ಹೊಂಡ ಯಾವುದು ರಸ್ತೆ ಯಾವುದು ತಿಳಿಯದೆ ಒಂದು ಕಡೆ ಚಕ್ರ ಕುಕ್ಕಿ, ಕುಡಿಯುವ ಎರಡು ಬಾಟಲಿಗಳಲ್ಲಿ ಒಂದು ಹಾರಿ ಹೋಯಿತು. ಮಂಕಿಯಲ್ಲಿ ಊಟ ತಿಂಡಿಯ ಡೇರೆ ಇರಬೇಕಿತ್ತು. ಡೇರೆ ಗದ್ದೆಯಲ್ಲಿ ಬಿದ್ದಿತ್ತು. ಸ್ವಯಂಸೇವಕರು ಅಂಗಡಿಯ ಮಾಡಿನ ಕೆಳಗೆ ಮುದುಡಿ ನಿಂತು ಕೈಬೀಸಿದರು. ಅವರಲ್ಲಿ ನೀರು ಬಿಟ್ಟರೆ ಏನೂ ಉಳಿದಿರಲಿಲ್ಲ. ನನ್ನ ಬೆನ್ನ ಜೇಬಿನಲ್ಲಿದ್ದ ತಿಂಡಿ ಕಲಸಿದ ಹಿಟ್ಟಾಗಿತ್ತು. ಭಟ್ಕಳ ಮುಟ್ಟುವಾಗ ಹತ್ತೂವರೆ. ನಾನು ನಡುಗುತ್ತಿದ್ದೆ. ನಮ್ಮ ಕರಾವಳಿಯಲ್ಲಿ ಹಗಲು ಹೊತ್ತಿನಲ್ಲಿ ಮನುಷ್ಯನಿಗೆ ಚಳಿಯಾಗಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬ್ರೇಕ್ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಕುಮಟಾ ಕಡೆಗೆ ವಾಪಸು ಹೊರಳಬೇಕಾದ ತಿರುವಿನಲ್ಲಿ ಮೂರು ಚಪ್ಪಾಳೆ ಕೇಳಿಸಿತು.

ಮಾಸ್ತರ್ರು ಕೊಡೆ ಹಿಡಿದು ನಿಂತಿದ್ದರು. ಮುಟ್ಟಳ್ಳಿಯ ಮನೆಯಿಂದ ನಡೆದೇ ಬಂದಿರಬೇಕು, ಪಂಚೆ ಮೊಣಕಾಲಿನವರೆಗೆ ಕೆಸರು. ತಿರುವಿನ ಅಧಿಕಾರಿಗಳು ಆಚೆ ಬದಿಯ ಅಂಗಡಿಯೊಳಗೆ ಸೇರಿಕೊಂಡಿದ್ದರು. ನನ್ನ ನಂಬರನ್ನು ಅಲ್ಲಿಂದಲೇ ಕೂಗಿ ಬರೆದುಕೊಂಡರು. ಕೊಡೆಯ ಮರೆಯಲ್ಲಿ ಫ್ಲಾಸ್ಕು, ಲೋಟ. ನಾನು ಒಂದು ಕಾಲು ನೆಲಕ್ಕೂರಿ ನಿಂತೆ.

"ಕುಡಿ."

"ಬೇಡ ಮಾಸ್ತರ್ರೇ. ಹೊರಗಿಂದು ತಕಣೂಕಿಲ್ಲ. ನಿನ್ನೆ ಹೇಳಿದ್ರಲ್ಲ."

"ನಿಯಮ ನಂಗೆ ಹೇಳ್ತ್ಯಾ? ತುಟಿ ನೋಡು, ನೀಲಿ ಆಯ್ದು. ಇನ್ನು ಹತ್ತು ಮೈಲಿ ಹೋದ್ರೆ ಬೀಳ್ತೆ. ಕುಡಿ."

"ಯಾರಾರು ನೋಡಿದ್ರೆ?"

"ನಾ ನೋಡ್ಕಂತೆ."

ಲೋಟ ಮುಂದೆ ಬಂತು. ಕೈ ತಾನಾಗಿ ಹೋಯಿತು. ಅರ್ಧ ಲೋಟ ಕುಡಿದೆ, ಅರ್ಧ ನಡುಗಿ ಚೆಲ್ಲಿತು. ಹೊಟ್ಟೆಯೊಳಗೆ ಬಿಸಿ ಇಳಿದದ್ದು ಈಗಲೂ ನೆನಪಿದೆ. ಅದು ಇಲ್ಲದಿದ್ದರೆ ನಾನು ಮುಂದೆ ಹೋಗುತ್ತಿದ್ದೆನೋ ಇಲ್ಲವೋ, ನಿಜವಾಗಿ ನನಗೆ ತಿಳಿಯದು. ಅಧಿಕಾರಿಗಳು ಯಾರೂ ನೋಡಲಿಲ್ಲ. "ಆತು, ಹೋಗು" ಎಂದರು ಮಾಸ್ತರ್ರು. ಹೋದೆ.

ವಾಪಸು ಬರುವಾಗ ಗಾಳಿ ದಿಕ್ಕು ಬದಲಿಸಿ ಎದುರಿನಿಂದ ಬಂತು. ಅರವತ್ತು ಕಿಲೋಮೀಟರಿಗೆ ಮೂರು ಗಂಟೆಗಿಂತ ಹೆಚ್ಚು ತಗುಲಿತು. ಕುಮಟಾದಲ್ಲಿ ಸೈಕಲ್ ಬಿಟ್ಟು ಓಟದ ಬೂಟು ಹಾಕುವಾಗ ಬೆರಳಿಗೆ ಲೇಸು ಕಟ್ಟಲು ಬರಲಿಲ್ಲ, ಹಾಗೇ ಒಳಗೆ ತುರುಕಿದೆ. ಕಾಗಾಲದ ರಸ್ತೆಯಲ್ಲಿ ಗದ್ದೆಯ ನೀರು ಹೊರಳಿ ಬಂದು ಪಾದ ಮುಳುಗುತ್ತಿತ್ತು. ಕುಯ್ದು ಹಾಕಿದ ಭತ್ತ ತೇಲುತ್ತಿತ್ತು, ಅದನ್ನು ಎತ್ತಲು ಇಳಿದಿದ್ದ ಹೆಂಗಸರು ನಮ್ಮನ್ನು ನೋಡಿ ತಲೆ ಕೆಟ್ಟವರು ಎಂಬಂತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. ಅವರದೇನೂ ತಪ್ಪಿಲ್ಲ. ಮೊದಲ ಸುತ್ತು ಮುಗಿಸಿ ಕುಮಟಾಕ್ಕೆ ಬಂದಾಗ, ಗುರಿ ತಲುಪುವಲ್ಲಿ ಕಟ್ಟಿದ್ದ ತಾಡಪಾಲಿನ ಕೆಳಗೆ ಮಾಸ್ತರ್ರು ಕೂತಿದ್ದರು. ನನ್ನನ್ನು ನೋಡಲು ಭಟ್ಕಳದಿಂದ ಬಸ್ಸು ಹಿಡಿದು ಬಂದಿದ್ದಾರೆ ಎಂದು ಕಣ್ಣು ತುಂಬಿ ಬಂತು. ಅವರು ಎದ್ದು ಮೂರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಬಲದಲ್ಲಿ ಎರಡನೆಯ ಸುತ್ತಿಗೆ ಹೋದೆ.

ಆ ಸುತ್ತಿನಲ್ಲಿ ಮಂಡಿ ಹೋಯಿತು. ಓಡಿದ್ದಕ್ಕಿಂತ ಕುಂಟಿದ್ದೇ ಹೆಚ್ಚು. ಬಿಡೋಣ ಎಂದು ಎರಡು ಕಡೆ ನಿಂತೆ, ಎರಡು ಕಡೆಯಿಂದಲೂ ಹೊರಟೆ. ಐದು ಗಂಟೆ ನಲವತ್ತೆರಡು ನಿಮಿಷಕ್ಕೆ, ಇನ್ನೂ ಹದಿನೆಂಟು ನಿಮಿಷ ಉಳಿದಿರುವಾಗ, ಗೆರೆ ದಾಟಿದೆ. ನೀಲಿ ಪಟ್ಟಿಯ ಪದಕವನ್ನು ಒಬ್ಬಾಕೆ ಕೊರಳಿಗೆ ಹಾಕಿದಳು. ಬದುಕಿನಲ್ಲಿ ಒಂದನ್ನು ಮುಗಿಸಿದೆ ಎಂದು ನಾನು ಜೋರಾಗಿ ಅತ್ತೆ, ನಾಚಿಕೆ ಆಗಲಿಲ್ಲ.

ಎರಡು ನಿಮಿಷವೂ ಆಗಿರಲಿಲ್ಲ. "ಸರ್, ಸ್ವಲ್ಪ ಮೇಜಿನ ಹತ್ತಿರ ಬರ್ತೀರಾ?" ಎಂದು ತೀರ್ಪುಗಾರ್ತಿ ಕರೆದರು. ಬೇರೆ ಊರಿನವರು, ಮೆಲ್ಲಗೆ ಮಾತಾಡುವ ಹೆಂಗಸು.

"ಭಟ್ಕಳದ ತಿರುವಿನಲ್ಲಿ ನೀವು ಹೊರಗಿನವರಿಂದ ಏನಾದರೂ ತಗೊಂಡ್ರಾ?"

ನಾನು ಇಲ್ಲ ಎಂದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಬರೆದಿದ್ದೇನೆ. ಹನ್ನೊಂದೂಮುಕ್ಕಾಲು ಗಂಟೆ ಕಡಲಲ್ಲೂ ಮಳೆಯಲ್ಲೂ ನೆಂದವನ ಬಾಯಿಂದ ಬಂದ ಮಾತು ಅದು. ಯೋಚಿಸಿ ಹೇಳಿದ್ದಲ್ಲ ಎಂದು ಆಮೇಲೆ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಹೇಳಿದ್ದು ಹೌದು. ಆಗ ನನ್ನ ಬೆನ್ನ ಹಿಂದಿನಿಂದ ಮಾಸ್ತರ್ರ ಧ್ವನಿ ಬಂತು, "ಸುಳ್ಳು ಹೇಳ್ಬೇಡ ತಮಾ. ನಾ ಆಗ್ಲೇ ಹೇಳಿ ಆತು."

ಪದಕ ತೆಗೆಯುವಾಗ ಪಟ್ಟಿ ಕಿವಿಗೆ ಸಿಕ್ಕಿಕೊಂಡಿತು. ಹಾಕಿದವಳೇ ಬಂದು ಬಿಡಿಸಿದಳು, ಸಾರಿ ಸಾರಿ ಎನ್ನುತ್ತಿದ್ದಳು. ಮಾಸ್ತರ್ರು ಎರಡು ಗಂಟೆಯಿಂದ ತಾಡಪಾಲಿನ ಕೆಳಗೆ ಕೂತಿದ್ದರಂತೆ, ಐದು ಗಂಟೆಗೆ ಎದ್ದು ಮೇಜಿನ ಹತ್ತಿರ ಹೋಗಿ ತಾವೇ ಹೇಳಿದರಂತೆ. ಅದನ್ನು ತೀರ್ಪುಗಾರ್ತಿ ಹೇಳಿದರು; ಪದಕ ಹಾಕಿದವಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಅಂದರೆ ನನಗೆ ಚಪ್ಪಾಳೆ ತಟ್ಟುವಾಗ ಅವರು ಹೇಳಲೋ ಬೇಡವೋ ಎಂದು ಯೋಚಿಸುತ್ತಿದ್ದರು. ನಾನು ಕಾಗಾಲದ ನೀರಿನಲ್ಲಿ ಕುಂಟುತ್ತಿರುವಾಗ ಅವರ ಯೋಚನೆ ಮುಗಿದಿತ್ತು.

ನಾನು ಅವರ ಹತ್ತಿರ ಹೋಗಿ ಕೇಳಿದೆ. "ಎಂತಕ್ಕೆ ಹೇಳಿದ್ರಿ? ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ಬೇಡ ಅಂದೆ ನಾನು. ಕುಡಿ ಅಂದವ್ರು ನೀವು. ನಾ ನೋಡ್ಕಂತೆ ಅಂದವ್ರೂ ನೀವು."

"ಕೊಟ್ಟವ ನಾನು ಹೌದು," ಎಂದರು. ಪಂಚೆಯ ತುದಿ ಹಿಂಡುತ್ತಿದ್ದರು, ನನ್ನ ಮುಖ ನೋಡಲಿಲ್ಲ. "ಕುಡಿದವ ನೀನು."

ಆ ನಾಲ್ಕು ವರ್ಷದ ಭಾನುವಾರಗಳು ಅಲ್ಲಿಗೆ ನಿಂತವು.

ಆಮೇಲೆ ನನಗೆ ಸಮಾಧಾನ ಹೇಳಿದವರು ಕಡಿಮೆಯೇನಲ್ಲ. ಶಾಲೆಯ ಆಟಗಳಲ್ಲಿ ಇಂಥದ್ದಕ್ಕೆ ಒಂದೆರಡು ಅಂಕ ಕಳೆಯುತ್ತಾರೆ, ಇಲ್ಲೂ ಹತ್ತು ನಿಮಿಷ ಕಳೆದು ಬಿಟ್ಟುಬಿಡುತ್ತಾರೆ ಎಂದು ಮಾಸ್ತರ್ರು ಎಣಿಸಿರಬಹುದು ಎಂದರು ಒಬ್ಬರು. ಇರಬಹುದು. ಆದರೆ ಹಿಂದಿನ ದಿನ ನಿಯಮವನ್ನು ಅವರು ನನ್ನ ಪಕ್ಕದಲ್ಲೇ ಕೂತು ಬರೆದುಕೊಂಡಿದ್ದರು. ಬೇಡ ಎಂದವನಿಗೆ ಕುಡಿಸುವಾಗ ಅವರು ತಾಯಿ, ಮೇಜಿನ ಹತ್ತಿರ ಹೋಗುವಾಗ ಅವರು ಸತ್ಯವಂತ. ಎರಡೂ ಒಳ್ಳೆಯ ಹೆಸರು ಅವರಿಗೇ ಬಂತು. ಖರ್ಚಾದವನು ನಾನು. ಸತ್ಯ ಹೇಳಬೇಕೆನಿಸಿದ್ದರೆ ತಿರುವಿನಲ್ಲೇ, ಆ ಅಂಗಡಿಗೆ ಹೋಗಿ ಹೇಳಬಹುದಿತ್ತು. ಉಳಿದ ತೊಂಬತ್ತು ಕಿಲೋಮೀಟರ್ ತಪ್ಪಿ ನನ್ನ ಮಂಡಿಯಾದರೂ ಉಳಿಯುತ್ತಿತ್ತು.

ಎರಡು ವಾರದ ಮೇಲೆ ಆ ವಾಲಿಬಾಲ್ ಹುಡುಗ ಆಸ್ಪತ್ರೆಗೆ ಬಂದ. ಹುಡುಗನೆಂದರೆ ಈಗ ನನ್ನಷ್ಟೇ ವಯಸ್ಸು, ಬೋಟಿನ ಎಂಜಿನ್ ರಿಪೇರಿ ಮಾಡುತ್ತಾನೆ. ಬೆರಳು ಜಜ್ಜಿತ್ತು. ಚಿತ್ರ ತೆಗೆಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ಈಗ ನೀನೂ ನಮ್ಮ ಟೀಮು" ಎಂದ. ನಗಲಿಲ್ಲ. ಇಪ್ಪತ್ತೈದು ವರ್ಷ ನಾನು ಅವನ ಕತೆಯನ್ನು ಊರೆಲ್ಲ ಹೇಳಿಕೊಂಡು ಬಂದದ್ದು ಅವನಿಗೆ ಗೊತ್ತಿತ್ತು ಎಂದು ಆ ಕ್ಷಣ ನನಗೆ ಹೊಳೆಯಿತು. ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಎರಡು ವರ್ಷ ಮಾಸ್ತರ್ರನ್ನು ನೋಡಲಿಲ್ಲ. ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಅವರ ಹೆಗಲ ಚೀಲ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದೆ. ಆದರೂ ಒಂದು ಮಾತು ಹೇಳಬೇಕು. ಅವರ ಮೇಲಿನ ಸಿಟ್ಟಿನ ಅಡಿಯಲ್ಲಿ ನನಗೆ ಹಿಡಿದುಕೊಳ್ಳಲು ಒಂದು ನೆಲವಿತ್ತು. ಈ ಮನುಷ್ಯ ನನಗೆ ಮಾಡಿದ್ದನ್ನು ಎಲ್ಲರಿಗೂ ಮಾಡುತ್ತಾನೆ. ಯಾರ ಮುಖ ನೋಡಿಯೂ ಸುಳ್ಳು ಹೇಳುವವನಲ್ಲ. ಹೆಡ್ ಮಾಸ್ತರ್ರಿಗಾಗಿ ಹೇಳಲಿಲ್ಲ, ಕಪ್ಪಿಗಾಗಿ ಹೇಳಲಿಲ್ಲ, ನನಗಾಗಿಯೂ ಹೇಳಲಿಲ್ಲ. ನನ್ನ ಪದಕ ಹೋದದ್ದು ಅಂಥ ಒಬ್ಬನ ಕೈಯಿಂದ ಎಂದು ಅಂದುಕೊಂಡಾಗ ನೋವು ಸ್ವಲ್ಪ ತಗ್ಗುತ್ತಿತ್ತು.

ಸನ್ಮಾನಕ್ಕೆ ಹೆಂಡತಿಯ ಒತ್ತಾಯಕ್ಕೆ ಹೋದೆ. ಶಾಲೆಯ ಸಭಾಂಗಣ ತುಂಬಿ, ಹೊರಗೆ ಕಿಟಕಿಯಲ್ಲೂ ಜನ. ಮೂರನೆಯ ಸಾಲಿನಲ್ಲಿ ಕೂತಿದ್ದೆ. ಎರಡು ಸಾಲು ಹಿಂದೆ ವಾಲಿಬಾಲಿನವನೂ ಇದ್ದ. ಶಾಲು ಹೊದಿಸಿ, ಹಾರ ಹಾಕಿ, ಮಾತಾಡಲು ಎಬ್ಬಿಸಿದರು. ಕಾಲಲ್ಲಿ ಬಿಳಿ ಬೂಟು. ನಡೆದ ದೂರ, ಶಾಲೆಯ ಹಳೆಯ ದಿನ, ಸತ್ತ ಸಹೋದ್ಯೋಗಿಗಳು ಎಲ್ಲ ಹೇಳಿದ ಮೇಲೆ ಅವರ ಕಣ್ಣು ಸಭೆಯಲ್ಲಿ ಏನನ್ನೋ ಹುಡುಕಿ ನನ್ನ ಮೇಲೆ ನಿಂತಿತು.

"ನಂಗೆ ಒಬ್ಬ ಶಿಷ್ಯ ಇದ್ದ," ಎಂದು ಶುರು ಮಾಡಿದರು. ಕುಮಟಾದ ಸ್ಪರ್ಧೆ, ಗಾಳಿ, ಮಳೆ, ಸೇತುವೆ ಎಲ್ಲವೂ ಬಂತು. ಭಟ್ಕಳದ ತಿರುವಿನಲ್ಲಿ ತಾನು ಒತ್ತಾಯ ಮಾಡಿ ಗಂಜಿತಿಳಿ ಕುಡಿಸಿದ್ದು ತನ್ನದೇ ತಪ್ಪು ಎಂದರು. ಅಷ್ಟರವರೆಗೆ ಎಲ್ಲ ನಿಜ. "ಹನ್ನೆರಡು ಗಂಟೆ ಮಳೆಯಲ್ಲಿ ನೆಂದು ಗುರಿ ಮುಟ್ಟಿದ. ಪದಕ ಕೊರಳಿಗೆ ಬಿತ್ತು. ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ. ಆದ್ರೂ ಇವ ತಾನೇ ಮೇಜಿನ ಹತ್ರ ಹೋಗಿ, ನಾ ಹೊರಗಿಂದು ಕುಡಿದೆ ಅಂತ ಹೇಳಿ, ಪದಕ ತೆಗೆದು ಕೊಟ್ಟು ಬಂದ. ನಾ ಮೂವತ್ತು ವರ್ಷ ಕಲಿಸಿದ್ದು ಒಬ್ಬನಿಗಾದ್ರೂ ಹತ್ತಿತು."

ಸಭೆಯಲ್ಲಿ ಚಪ್ಪಾಳೆ ಎದ್ದಿತು. ನನ್ನ ಪಕ್ಕದಲ್ಲಿ ಹೆಂಡತಿ ಕಣ್ಣೊರೆಸಿಕೊಂಡಳು. ಆ ಸಂಜೆ ಏನಾಯಿತೆಂದು ನಾನು ಅವಳಿಗೂ ಪೂರ್ತಿ ಹೇಳಿರಲಿಲ್ಲ. ಸುಳ್ಳು ಹೇಳದ ಮನುಷ್ಯ ಇನ್ನೂರು ಜನರ ಮುಂದೆ, ಮೈಕಿನಲ್ಲಿ, ಒಂದು ಪದವೂ ತಡವರಿಸದೆ ಸುಳ್ಳು ಹೇಳಿದ್ದರು. ಅದೂ ನನಗಾಗಿ. ಹೇಳಲು ಬರುತ್ತಿತ್ತು ಅವರಿಗೆ. ಆ ದಿನ, ಅದು ಬೇಕಾಗಿದ್ದಾಗ, ಸುಳ್ಳು ಸಹ ಬೇಡ, ಬಾಯಿ ಮುಚ್ಚಿ ಕೂತಿದ್ದರೆ ಸಾಕಿತ್ತು. ಪದಕವನ್ನು ಕಿತ್ತುಕೊಂಡವರು ಈಗ ಅದಕ್ಕೆ ಬದಲು ನನ್ನದಲ್ಲದ ಪ್ರಾಮಾಣಿಕತೆಯನ್ನು ನನ್ನ ಕೊರಳಿಗೆ ಕಟ್ಟುತ್ತಿದ್ದರು, ಮತ್ತು ಅವರು ಸುಳ್ಳು ಹೇಳುವವರಲ್ಲ ಎಂಬ ನನ್ನ ಒಂದೇ ನೆಲವನ್ನೂ ಅದೇ ಕೈಯಿಂದ ತೆಗೆದುಕೊಂಡರು.

"ಎದ್ದು ನಿಲ್ಲು ತಮಾ" ಎಂದರು ಮೈಕಿನಲ್ಲಿ.

ಅದು ಹಾಗಲ್ಲ, ನಾನು ಇಲ್ಲ ಎಂದಿದ್ದೆ, ಹೇಳಿದವರು ಇವರು ಎಂದು ಅಲ್ಲೇ ಹೇಳಬೇಕಿತ್ತು. ಆದರೆ ನಾನು ಎದ್ದು ನಿಂತೆ, ನಾಲ್ಕೂ ಕಡೆಗೆ ತಿರುಗಿ ಕೈಮುಗಿದೆ. ತಿರುಗುವಾಗ ವಾಲಿಬಾಲಿನವನ ಮುಖ ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಸಭೆ ಮುಗಿದು ಜನ ಊಟದ ಕಡೆಗೆ ಹೊರಟಾಗ ಮಾಸ್ತರ್ರು ನನ್ನ ಹತ್ತಿರ ಬಂದರು. ಹಾರದ ಹೂವು ಶಾಲಿನ ಮೇಲೆ ಉದುರಿತ್ತು. ಎರಡು ವರ್ಷದಲ್ಲಿ ತುಂಬ ಮುದುಕರಾಗಿದ್ದರು. ನನ್ನ ಭುಜ ಹಿಡಿದು, ಬೇರೆಯವರಿಗೆ ಕೇಳದ ಹಾಗೆ, "ಈಗ ಸಮ ಆತಲ್ಲ?" ಎಂದರು. ಉತ್ತರಕ್ಕೆ ಕಾಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು, ಆ ದಿನ ನೋಡದ ಮುಖವನ್ನು.

ಸಮ ಆಗಿರಲಿಲ್ಲ. ಎಂದೂ ಆಗುವುದಿಲ್ಲ.

"ಆತು, ಮಾಸ್ತರ್ರೇ" ಎಂದೆ.